ಕಿಂಗ್ ಹಾಲರ್ ಕೊನೆಗೂ ವೃತ್ತ ಸುತ್ತಿತು

ನನ್ನ ರಿಮೋಟ್ ಮಾದರಿ ಲಾರಿ ಕಿಂಗ್ ಹಾಲರ್ ವೃತ್ತ ಸುತ್ತುತ್ತಲೇ ಇರಲಿಲ್ಲ. ಮೂರು ವಾರ ತಲೆ ತಿಂದ ಆ ಸಮಸ್ಯೆ ನಿನ್ನೆ ಸಂಜೆ ಬಗೆಹರಿಯಿತು. ಗಾಡಿಯಲ್ಲಿ ತಪ್ಪೇ ಇರಲಿಲ್ಲ! ತಪ್ಪಿದ್ದದ್ದು ನಾನು ತಾರಸಿಯ ಮೇಲೆ ಬರೆದಿದ್ದ ರಸ್ತೆಯಲ್ಲಿ.

ಗೇರ್‌ಬಾಕ್ಸ್, ವೈರಿಂಗ್, ಪೇಂಟು ಎಲ್ಲ ಮಾದರಿ ಕಟ್ಟುವವರಿಗೆ ಗೊತ್ತಿರುವುದೇ, ಅದನ್ನು ಬಿಡೋಣ. ನನ್ನ ಹತ್ತಿರ 1:14 ಅಳತೆಯ, ಅಂದರೆ ನಿಜವಾದ ಲಾರಿಯ ಹದಿನಾಲ್ಕನೇ ಒಂದರಷ್ಟಿರುವ ಎರಡು ಲಾರಿಗಳಿವೆ. ಒಂದು ಮಾದರಿ ಕಿಟ್ ಕಂಪನಿ ಟಮಿಯಾದ ಸ್ಕ್ಯಾನಿಯಾ ಆರ್470, ಅಪ್ಪಟ ಯುರೋಪಿನ ಚಪ್ಪಟೆ ಮುಖ. ಇನ್ನೊಂದು ಅವರದ್ದೇ ಕಿಂಗ್ ಹಾಲರ್, ಅಮೆರಿಕದ ಉದ್ದ ಮೂತಿ. ಎರಡನೆಯದರ ಚಾಸಿ ಉದ್ದ ಮಾಡಿ, ದೊಡ್ಡ ಸ್ಲೀಪರ್ (ಚಾಲಕ ಮಲಗುವ ಕ್ಯಾಬಿನ್) ಕೂರಿಸಿ, ವೀಲ್‌ಬೇಸ್ ಅನ್ನು, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರವನ್ನು, 44 ಸೆಂ.ಮೀ.ಗೆ ತಂದಿದ್ದೇನೆ. ನಿಜವಾದ ಲಾರಿಯಲ್ಲಿ ಅದು 6.2 ಮೀಟರ್. ಹಿಂದೆ ಕೈಯಲ್ಲೇ ಮಾಡಿದ 53 ಅಡಿಯ ಟ್ರೈಲರ್, ಅಂದರೆ 115 ಸೆಂ.ಮೀ. ಸ್ಕ್ಯಾನಿಯಾ ತನ್ನ ಟ್ರೈಲರ್ ಸಮೇತ ಮೂತಿಯಿಂದ ಬಾಲದವರೆಗೆ 118 ಸೆಂ.ಮೀ. ಅಮೆರಿಕದ ಬರೀ ಟ್ರೈಲರ್ ಯುರೋಪಿನ ಇಡೀ ಗಾಡಿಯಷ್ಟಿದೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದ ದಿನ ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ.

ಯುರೋಪಿನ ಕಾನೂನಿನ ಪ್ರಕಾರ ಟ್ರೈಲರ್ ಲಾರಿ 16.5 ಮೀಟರ್ ಮೀರಬಾರದು. ಅಷ್ಟೇ ಅಲ್ಲ, ಹೊರಗಿನ ತ್ರಿಜ್ಯ 12.5 ಮೀಟರ್, ಒಳಗಿನದು 5.3 ಮೀಟರ್ ಇರುವ ಉಂಗುರದೊಳಗೆ ಅದು ಪೂರ್ತಿ ಸುತ್ತು ಹಾಕಬೇಕು. ಅದನ್ನೇ 14ರಿಂದ ಭಾಗಿಸಿ 89 ಮತ್ತು 38 ಸೆಂ.ಮೀ. ತ್ರಿಜ್ಯದ ಎರಡು ವೃತ್ತ ಬರೆದೆ, ಮೊಳೆ, ದಾರ, ಸೀಮೆಸುಣ್ಣ ಹಿಡಿದು. ಸ್ಕ್ಯಾನಿಯಾ ನೀರು ಹರಿದಂತೆ ಸುತ್ತಿತು. ಟ್ರೈಲರಿನ ಒಳಗಿನ ಟೈರಿಗೂ ಒಳಗೆರೆಗೂ ನಡುವೆ ಅರ್ಧ ಸೆಂ.ಮೀ. ಜಾಗ ಉಳಿಯಿತು. ಎಂಥ ಖುಷಿ ಅಂತೀರಿ!

ಕಿಂಗ್ ಹಾಲರ್ ಅರ್ಧ ಸುತ್ತನ್ನೂ ದಾಟಲಿಲ್ಲ. ಟ್ರೈಲರ್ ಒಳಗೆರೆ ದಾಟಿ ವೃತ್ತದ ನಡುಗಡ್ಡೆ ಹತ್ತಿ, ಮಡಚಿಕೊಂಡು, ಸ್ಲೀಪರಿನ ಮೂಲೆಗೆ ಗುದ್ದಿತು. ಬಣ್ಣ ಕಿತ್ತು ಬಂತು.

ಮೊದಲು ಅನುಮಾನ ಬಂದದ್ದು ಸರ್ವೋ ಮೇಲೆ, ಅಂದರೆ ಮುಂಚಕ್ರ ತಿರುಗಿಸುವ ಪುಟ್ಟ ಮೋಟಾರಿನ ಮೇಲೆ. ಮೆಟಲ್ ಗೇರ್ ಸರ್ವೋ ತರಿಸಿದೆ. ಬಿಚ್ಚಿ ನೋಡಿದರೆ ಒಳಗೆ ಪ್ಲಾಸ್ಟಿಕ್ ಗೇರು! ಅಂಗಡಿಯವರಿಗೆ ಫೋನ್ ಮಾಡಿದರೆ "ಸಾರ್, ಎಲ್ಲರೂ ಅದನ್ನೇ ತಗೊಳ್ತಾರೆ" ಅಂದರು. ವಾಪಸ್ ಕಳಿಸಿ ಬೇರೆಯದು ಬರುವಷ್ಟರಲ್ಲಿ ಒಂಬತ್ತು ದಿನ ಹೋಯಿತು. ಅದೇ ಅಂಗಡಿಗೆ 1.5 ಎಂಎಂ ಅಲ್ಯೂಮಿನಿಯಂ ಚಾನೆಲ್ ಕೇಳಿದ್ದರೆ 2 ಎಂಎಂ ಕಳಿಸಿದ್ದರು. ನಾವು ಅಳತೆ ಬರೆದು ಕಳಿಸುವುದು ಸುಮ್ನೆ ಅಲ್ಲ ಅಲ್ವಾ? ಹೊಸ ಸರ್ವೋ ಹಾಕಿ, ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ಸರಿಮಾಡಿ, ಟ್ರೈಲರ್ ಕೂರುವ ತಟ್ಟೆಯಾದ ಫಿಫ್ತ್ ವೀಲ್‌ಗೆ ಗ್ರೀಸ್ ಹಚ್ಚಿದ್ದೂ ಆಯಿತು. ಫಲಿತಾಂಶ ಮಾತ್ರ ಅದೇ.

ಕೊನೆಗೆ ಟ್ರೈಲರಿನ ಒಳಚಕ್ರಕ್ಕೆ ಒಂದು ಬಿಳಿ ಚುಕ್ಕೆ ಇಟ್ಟು, ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ನೋಡಿದೆ. ಚುಕ್ಕೆ ಮುಂದಕ್ಕೆ ತಿರುಗುತ್ತಾ ಬಂತು. ನಿಧಾನವಾಯಿತು. ನಿಂತಿತು. ಆಮೇಲೆ ಹಿಂದಕ್ಕೆ ತಿರುಗತೊಡಗಿತು! ಲಾರಿ ಮುಂದೆ ಹೋಗುತ್ತಿದೆ, ಚಕ್ರ ಹಿಂದಕ್ಕೆ ಉರುಳುತ್ತಿದೆ.

ಆಗಲೇ ಹಾಳೆ, ಪೆನ್ಸಿಲ್ ತಗೊಂಡೆ. ಟ್ರೈಲರ್ ಸ್ಥಿರವಾಗಿ ಸುತ್ತುವಾಗ ಅಲ್ಲೊಂದು ಲಂಬಕೋನ ತ್ರಿಭುಜ ಇರುತ್ತದೆ. ಟ್ರೈಲರನ್ನು ಲಾರಿಗೆ ಸಿಕ್ಕಿಸುವ ಗೂಟ, ಅಂದರೆ ಕಿಂಗ್‌ಪಿನ್, ಸುತ್ತುವ ತ್ರಿಜ್ಯ ಅದರ ವಿಕರ್ಣ. ಕಿಂಗ್‌ಪಿನ್‌ನಿಂದ ಟ್ರೈಲರಿನ ಚಕ್ರಗಳ ನಡುವಿನವರೆಗಿನ ದೂರ ಒಂದು ಬಾಹು. ಸ್ಕ್ಯಾನಿಯಾಕ್ಕೆ ವಿಕರ್ಣ 73 ಸೆಂ.ಮೀ., ಬಾಹು 55. ಆರಾಮ. ಕಿಂಗ್ ಹಾಲರ್‌ಗೆ ಬಾಹು 83, ವಿಕರ್ಣ ಬರೀ 65. ಬಾಹುವಿಗಿಂತ ಚಿಕ್ಕ ವಿಕರ್ಣ ಎಲ್ಲಾದರೂ ಉಂಟೇ? ಆ ವೃತ್ತದಲ್ಲಿ ಈ ಗಾಡಿ ಸುತ್ತುವುದು ಸಾಧ್ಯವೇ ಇಲ್ಲ. ಅಮೆರಿಕದ ಚಾಲಕರು ಮಾಡುವ ಹಾಗೆ ಚಕ್ರಗಳನ್ನು ಹಿಡಿದಿಡುವ ಪಿನ್ನು ತೆಗೆದು ಟ್ರೈಲರಿನ ಚಕ್ರಗಳನ್ನು ಮುಂದಕ್ಕೆ ಜರುಗಿಸಿಯೂ ನೋಡಿದೆ. ಮೂರು ಸೆಂ.ಮೀ. ಉಳಿತಾಯ ಮಾಡಿದರೂ ಸಾಲದು, ಹತ್ತು ಮಾಡಿದರೂ ಸಾಲದು.

ಹಾಗಾದರೆ ಅಮೆರಿಕದ ಲಾರಿಗೆ ಆ ಉದ್ದ ಮೂತಿ ಬಂದದ್ದು ಹೇಗೆ? ಹಿಂದೆ ಅಮೆರಿಕದ ರಾಜ್ಯಗಳೂ ಗಾಡಿಯ ಒಟ್ಟು ಉದ್ದಕ್ಕೆ ಮಿತಿ ಹಾಕಿದ್ದವು. ಅದಕ್ಕೇ ಅಲ್ಲೂ ಚಪ್ಪಟೆ ಮುಖದ ಲಾರಿಗಳು ಬೇಕಾದಷ್ಟಿದ್ದವು. 1982ರ ಕಾನೂನು ಅಂತರರಾಜ್ಯ ಹೆದ್ದಾರಿಗಳಲ್ಲಿ ಒಟ್ಟು ಉದ್ದ ಅಳೆಯುವುದನ್ನು ಬಿಟ್ಟು ಟ್ರೈಲರನ್ನು ಮಾತ್ರ ಅಳೆಯಲು ಹೇಳಿತು. ಮೂತಿ ಚಾಚಿದರೆ ಸರಕಿನ ಜಾಗ ಕಡಿಮೆಯಾಗುವ ಭಯ ಹೋಯಿತು. ಯುರೋಪಿನಲ್ಲಿ ಇವತ್ತಿಗೂ ಒಟ್ಟು ಉದ್ದವೇ ಲೆಕ್ಕ. ಅಲ್ಲಿ ಈಚೆಗೆ ಮೂತಿಗೆ ಸ್ವಲ್ಪ ರಿಯಾಯಿತಿ ಕೊಟ್ಟ ಮೇಲೆ, 2021ರಲ್ಲಿ ಲಾರಿ ಕಂಪನಿ ಡಾಫ್ ಚಾಚಿದ್ದು 16 ಸೆಂ.ಮೀ. ನಮ್ಮ ಅಳತೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು.

ಇದನ್ನು ಬರೆಯುವಾಗಲೇ ಮುಂದಿನ ಗಾಡಿ ಯಾವುದು ಅಂತ ತೀರ್ಮಾನವಾಯಿತು: ಕೆನ್‌ವರ್ತ್ ಕೆ100. ಅಮೆರಿಕದ್ದೇ, ಆದರೆ ಮೂತಿ ಇಲ್ಲ. ಹಿಂದೆ 45 ಅಡಿಯ ಟ್ರೈಲರ್, 98 ಸೆಂ.ಮೀ. ಕ್ಯಾಬಿನ್‌ಗೆ ಕಿಟ್ ಬೇಡ, ಸ್ಟೈರೀನ್ ಪ್ಲಾಸ್ಟಿಕ್ ಶೀಟಿನಲ್ಲೇ ಕಟ್ಟುತ್ತೇನೆ. ರಿವೆಟ್‌ಗಳನ್ನು ಹಿಂದಿನಿಂದ ಸೂಜಿಯಲ್ಲಿ ಒತ್ತಿ ಎಬ್ಬಿಸುವುದನ್ನು ಒಂದು ತುಂಡಿನ ಮೇಲೆ ಆಗಲೇ ಮಾಡಿ ನೋಡಿದ್ದೇನೆ, ಬಹಳ ಚೆನ್ನಾಗಿ ಬಂತು. ಕ್ಯಾಬಿನ್ ಮುಂದಕ್ಕೆ ಬಾಗುವ ಕೀಲು ಯಾರಾದರೂ ಮಾಡಿದ್ದರೆ ಫೋಟೋ ಕಳಿಸಿ.

ಸರಿ, ವೃತ್ತಕ್ಕೆ ಬರೋಣ. ಅಮೆರಿಕದ ಬಹಳಷ್ಟು ರಸ್ತೆ ವೃತ್ತಗಳಲ್ಲಿ ನಡುಗಡ್ಡೆಯ ಸುತ್ತ ಟ್ರಕ್ ಏಪ್ರನ್ ಅಂತ ಒಂದು ತಗ್ಗು ಕಟ್ಟೆ ಇರುತ್ತದೆ. ಕಾರಿನವರು ಹತ್ತುವುದಿಲ್ಲ. ಉದ್ದ ಟ್ರೈಲರಿನ ಹಿಂಚಕ್ರಕ್ಕೆಂದೇ ಕಟ್ಟಿದ್ದು ಅದು. ಹಳೆಯ ಗೆರೆ ಒರೆಸಿ 130 ಅಡಿ ವ್ಯಾಸದ ವೃತ್ತ ಬರೆದೆ. ನಮ್ಮ ಅಳತೆಗೆ 283 ಸೆಂ.ಮೀ.! ಒಣಹಾಕುವ ತಂತಿಯ ಕಂಬ ಅಡ್ಡ ಬಂದು, ಅಮ್ಮನ ಎರಡು ತುಳಸಿ ಕುಂಡಗಳನ್ನು ಕೇಳಿಕೊಂಡು ಸರಿಸಬೇಕಾಯಿತು. ಕಾರಿಗೆ 43 ಸೆಂ.ಮೀ. ರಸ್ತೆ, ಅದರೊಳಗೆ 20 ಸೆಂ.ಮೀ. ಅಗಲದ ಏಪ್ರನ್. ಏಪ್ರನ್‌ಗೆ 5 ಎಂಎಂ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಕತ್ತರಿಸಿ, ಅಂಚನ್ನು ಉಜ್ಜಿ ಇಳಿಜಾರು ಮಾಡಿ, ಇಟ್ಟಿಗೆ ಬಣ್ಣ ಬಳಿದೆ.

ನಿನ್ನೆ ಸಂಜೆ ಲೋ ಗೇರಿನಲ್ಲಿ ಬಿಟ್ಟೆ. ಮೂತಿ ಹೊರಗೆರೆಯ ಪಕ್ಕದಲ್ಲೇ ಸಾಗಿತು. ಹಿಂಚಕ್ರ ಏಪ್ರನ್ ಅಂಚಿಗೆ ತಾಗಿ, ಟ್ರೈಲರ್ ಒಂಚೂರು ವಾಲಿ, ಮೆತ್ತಗೆ ಹತ್ತಿತು. ಬಿಳಿ ಚುಕ್ಕೆ ಒಮ್ಮೆಯೂ ನಿಲ್ಲಲಿಲ್ಲ. ಬ್ಯಾಟರಿ ಮುಗಿಯುವವರೆಗೆ 22 ಸುತ್ತು ಹಾಕಿಸಿದೆ. ಬಿಸಿಲಿಗೆ ಸನ್‌ಬೋರ್ಡ್ ಒಂದು ಕಡೆ ಎದ್ದಿದೆ, ಇವತ್ತು ಅದಕ್ಕೆ ಅಂಟು ಹಾಕಬೇಕು.