ಕ್ಯೋಟೋದಲ್ಲಿ ದಿನಕ್ಕೊಂದು ಲಕೋಟೆ

2024ರ ನವೆಂಬರ್. ಹೊರಡುವ ಮೊದಲೇ ನನ್ನಾಕೆ ನಾಲ್ಕು ಲಕೋಟೆ ಮಾಡಿಟ್ಟಿದ್ದಳು. ಒಂದೊಂದರಲ್ಲಿ 10,000 ಯೆನ್. ಜಪಾನಿನ ಕ್ಯೋಟೋದಲ್ಲಿ ನಾಲ್ಕು ದಿನ, ದಿನಕ್ಕೊಂದು ಲಕೋಟೆ, ಇಬ್ಬರಿಗೂ ಸೇರಿ. ರೂಮಿನ ಬಾಡಿಗೆ ಮೊದಲೇ ಕಟ್ಟಿಯಾಗಿತ್ತು. "ಮುಗಿದರೆ ಮುಗೀತು. ನಾಳೇದಕ್ಕೆ ಕೈ ಹಾಕೋ ಹಾಗಿಲ್ಲ" ಅಂದಿದ್ದಳು.

ಮೊದಲ ದಿನ ಸಂಜೆಗೆ ಉಳಿದದ್ದು 520 ಯೆನ್!

ಕೊಂಡಿದ್ದೇನೂ ಇರಲಿಲ್ಲ. ಎಡವಟ್ಟಾದದ್ದು ನಾಣ್ಯದಲ್ಲಿ. ನಮಗೆ ನಾಣ್ಯ ಅಂದರೆ ಚಿಲ್ಲರೆ, ಅಲ್ವಾ? ಅಲ್ಲಿ 500 ಯೆನ್ ಕೂಡ ನಾಣ್ಯವೇ. ನಮ್ಮ 270 ರೂಪಾಯಿಗೂ ಜಾಸ್ತಿ. ಕೈ ಮಾತ್ರ ಅದನ್ನು ಐದು ರೂಪಾಯಿ ಬಿಲ್ಲೆಯ ಹಾಗೇ ಕೊಟ್ಟುಬಿಡುತ್ತದೆ.

ಶುರುವಾದದ್ದು ಬಸ್ಸಿನಲ್ಲಿ. ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಡ್ರೈವರ್ ಪಕ್ಕದ ಡಬ್ಬಿಗೆ ದುಡ್ಡು ಹಾಕಬೇಕು. ತಲಾ 230. ನಾನು ಸುಮ್ನೆ 500ರ ಬಿಲ್ಲೆ ಹಾಕಿ, 40 ಯೆನ್ ವಾಪಸ್ ಬರುತ್ತೆ ಅಂತ ನಿಂತೆ. ಬರಲಿಲ್ಲ. ಮೊದಲು ಮೆಷೀನಿನಲ್ಲಿ ಚಿಲ್ಲರೆ ಮಾಡಿಸಿ, ಆಮೇಲೆ ಸರಿಯಾಗಿ ಎಣಿಸಿ ಹಾಕಬೇಕಂತೆ. ಗೆಳೆಯನೊಬ್ಬ 700 ಯೆನ್ನಿನ ಬಸ್ ಪಾಸ್ ತಗೋ ಅಂದಿದ್ದ. ಅದು ಆ ವರ್ಷದ ಮಾರ್ಚಿಗೇ ನಿಂತುಹೋಗಿತ್ತು. ಮೆಟ್ರೋ ಸೇರಿಸಿದ ಪಾಸ್ 1,100. ದಿನಕ್ಕೆ ಐದು ಸಲ ಹತ್ತಿಳಿಯದಿದ್ದರೆ ದುಡ್ಡು ದಂಡ.

ಕಿಂಕಾಕುಜಿ ಚಿನ್ನದ ಮಂಟಪಕ್ಕೆ ತಲಾ 500. ಅಲ್ಲಿ ಟಿಕೆಟ್ ಅಂತ ಕೊಡುವುದೇ ಒಂದು ರಕ್ಷೆಯ ಕಾಗದ. ಅದನ್ನು ಮಡಿಸೋಕೂ ಮನಸ್ಸಾಗಲಿಲ್ಲ. ರ್ಯೋಆನ್‌ಜಿ ದೇವಸ್ಥಾನದ ಕಲ್ಲಿನ ತೋಟಕ್ಕೆ 600. ಮಾಚ್ಚಾ ಅನ್ನೋ ಹಸಿರು ಟೀಪುಡಿಯ ಐಸ್‌ಕ್ರೀಮ್, ಬಾಟಲಿ ಟೀ, ವಾಪಸ್ ಬಸ್ಸು. ಎಲ್ಲವೂ ಬಿಲ್ಲೆಗಳೇ.

ಊಟಕ್ಕೇ 5,000 ಹೋಯಿತು. ನಾವು ಸಸ್ಯಾಹಾರಿಗಳು. ಉದೋನ್ ಅನ್ನೋ ದಪ್ಪ ಶಾವಿಗೆಯ ಅಗ್ಗದ ಅಂಗಡಿಗಳು ಬೇಕಾದಷ್ಟಿವೆ, ಆದರೆ ಸಾರಿಗೆ ಒಣಮೀನು ಬಿದ್ದಿರುತ್ತದೆ. ಕಡಲಪಾಚಿ ಹಾಕಿದ ಬಿಸಿನೀರಲ್ಲಿ ತೇಲುವ ತೋಫು, ಅಂದರೆ ಸೋಯಾ ಪನೀರ್, ತಿಂದೆವು. ರುಚಿ ಚೆನ್ನಾಗಿತ್ತು, ಬಿಲ್ಲು ನೋಡುವವರೆಗೆ.

ರಾತ್ರಿ ಉಳಿದ 520ರಲ್ಲಿ ಮೂರು ಒನಿಗಿರಿ ಬಂತು, ಕಡಲಪಾಚಿಯ ಹಾಳೆ ಸುತ್ತಿದ ಅನ್ನದ ಉಂಡೆ. ಪ್ಲಾಸ್ಟಿಕ್ಕನ್ನು ತಪ್ಪು ಕಡೆಯಿಂದ ಎಳೆದು ಪಾಚಿಹಾಳೆ ಅರ್ಧ ಅದರಲ್ಲೇ ಉಳಿಯಿತು. ಊರಿಂದ ತಂದ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ನಿಜ ಹೇಳಬೇಕೆಂದರೆ ತೋಫುವಿಗಿಂತ ಇದೇ ಮೇಲು.

ಮರುದಿನ ಬೆಳಗ್ಗೆಯೇ ಅವಳು ನಾಣ್ಯಗಳಿಗೆ ಬೇರೆ ಪರ್ಸ್ ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಹೊರಟದ್ದು ಫುಶಿಮಿ ಇನಾರಿಗೆ. ಕ್ಯೋಟೋ ಸ್ಟೇಷನ್ನಿನಿಂದ ಎರಡನೇ ನಿಲ್ದಾಣ, ಟಿಕೆಟ್ 150. ದೇವಸ್ಥಾನಕ್ಕೆ ದುಡ್ಡಿಲ್ಲ, ಬಾಗಿಲು ಹಾಕುವುದೂ ಇಲ್ಲ. ಬೆಟ್ಟದುದ್ದಕ್ಕೂ ಕೆಂಪು ಕಮಾನುಗಳು, ಹಿಂಬದಿಯಲ್ಲಿ ಕೊಟ್ಟವರ ಹೆಸರು. ಮೇಲೆ ಹತ್ತಿದಷ್ಟೂ ಮೆಷೀನಿನ ನೀರಿನ ಬೆಲೆಯೂ ಹತ್ತುತ್ತದೆ. ನಾವು ರೂಮಿನ ನಲ್ಲಿ ನೀರು ತುಂಬಿಕೊಂಡು ಹೋಗಿದ್ದೆವು.

ಇಳಿದು ಬಂದಾಗ ಜನ ಹುಂಡಿಗೆ ನಡುವೆ ತೂತಿರುವ ಐದು ಯೆನ್ ಹಾಕುತ್ತಿದ್ದರು. ಐದು ಯೆನ್ನಿಗೆ ಅವರು 'ಗೋಎನ್' ಅನ್ನುತ್ತಾರೆ. ಋಣಾನುಬಂಧಕ್ಕೂ ಅದೇ ಮಾತು. ನಾನು ಕೈ ಚಾಚಿದೆ. ಅವಳು ಪರ್ಸಿನಲ್ಲಿ ಹುಡುಕಿ ಎರಡು ಬಿಲ್ಲೆ ಕೊಟ್ಟು, ಲೆಕ್ಕದ ಪುಸ್ತಕ ತೆಗೆದು ಬರೆದಳು: "ದೇವರಿಗೆ, 10."