ಬೆಂದ್ರ್ ತೀರ್ಥದಲ್ಲಿ ಅಮ್ಮ

ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ಬದಿಯಲ್ಲಿರುವ ತೀರ್ಥಕ್ಕೆ ಅಷ್ಟೇ ಹೆಸರು. ದೊಡ್ಡ ಹೆಸರು ಅದಕ್ಕೆ ಬೇಕಾಗಿಯೂ ಇಲ್ಲ.

ದೀಪಾವಳಿ ಕಳೆದ ವಾರ ಅಮ್ಮನನ್ನು ಮಂಗಳೂರಿನಿಂದ ಅಲ್ಲಿಗೆ ಕರೆದುಕೊಂಡು ಹೋದೆ. ಮಂಡಿನೋವು ಕಡಿಮೆಯಾದರೆ ಅಲ್ಲಿ ಮಿಂದು ಬರುತ್ತೇನೆ ಅಂತ ಹೇಳಿಕೊಂಡಿದ್ದಳಂತೆ. ನೋವು ಪೂರ್ತಿ ಹೋಗಿರಲಿಲ್ಲ. "ಮೆಟ್ಟಿಲು ಇಳೀಲಿಕ್ಕೆ ಆಗ್ತದಲ್ಲ, ಸಾಕು. ದೇವರ ಹತ್ರ ಲೆಕ್ಕ ಕೇಳುವುದೆಂತ?" ಅಂದಳು. ಕಲ್ಲಡ್ಕದಲ್ಲಿ ನಾನು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿದೆ, ಅವಳು ಉಪವಾಸ. ಪುತ್ತೂರಿನಲ್ಲಿ ಮಹಾಲಿಂಗೇಶ್ವರನಿಗೆ ಕೈಮುಗಿದು ಮುಂದೆ ಹೋದೆವು. ಗುಡ್ಡ ಹತ್ತಿ ಇಳಿಯುವ ದಾರಿ. ರಬ್ಬರ್, ಅಡಿಕೆ ತೋಟ, ನಡುನಡುವೆ ಕಾಡು.

ಕೊಳ ದೊಡ್ಡದಲ್ಲ. ಕುದಿಯುವ ನೀರು ನೋಡಲು ಹೋದವರಿಗೆ ಸಪ್ಪೆ ಅನ್ನಿಸೀತು. ಸುತ್ತ ಬೋರ್‌ವೆಲ್ ಜಾಸ್ತಿಯಾಗಿ ನೀರು ಇಳಿದಿದೆ ಅಂತ ಅಲ್ಲಿ ಸಿಕ್ಕಿದವರೊಬ್ಬರು ಬೇಸರಪಟ್ಟರು. ಸಣ್ಣಗೆ ಗಂಧಕದ ವಾಸನೆ. ಕೈ ಅದ್ದಿದರೆ ಹದವಾದ ಬಿಸಿ, ಮಗುವಿಗೆ ಮೀಯಿಸುವ ನೀರಿನ ಹಾಗೆ.

ನಾನು ಸುಮ್ನೆ ಇರಲಾರದೆ ವಿಜ್ಞಾನ ಹೇಳಿದೆ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಒಂದೊಂದು ಕಿಲೋಮೀಟರ್ ಕೆಳಗೆ ಹೋದಂತೆ ಸುಮಾರು 25ರಿಂದ 30 ಡಿಗ್ರಿ ಸೆಖೆ ಏರುತ್ತದೆ. ಅಲ್ಲಿ ಕಾದ ನೀರು ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ.

"ಅಂದರೆ ಅಡಿಯಲ್ಲಿ ಒಲೆ ಉಂಟು, ಅಲ್ವಾ?"

"ಒಲೆ ಇಲ್ಲಮ್ಮ, ಬಂಡೆಯೇ ಬಿಸಿ."

"ಹಾಗಾದ್ರೆ ಸೌದೆ ಉಳೀತು."

ನಗು ಬಂತು. ಆದರೆ ಅದನ್ನು ಹೇಳುವ ಹಕ್ಕು ಅವಳಿಗಿದೆ. ಊರಿನ ಮನೆಯಲ್ಲಿ ಬಚ್ಚಲೊಲೆ ಅವಳದ್ದೇ. ನಾವು ಏಳುವ ಮೊದಲೇ ಮಡಲು, ಗೆರಟೆ, ತೆಂಗಿನ ಸಿಪ್ಪೆ ಹಾಕಿ ಊದುತ್ತಿದ್ದಳು. ಮಳೆಗಾಲದಲ್ಲಿ ಹೊಗೆಗೆ ಕಣ್ಣು ಕೆಂಪು. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆ ತಿಕ್ಕಿ, ಅದರ ಕುತ್ತಿಗೆಗೆ ಬಳ್ಳಿ ಸುತ್ತಿ, ಕೈಮುಗಿದು ನೀರು ತುಂಬುತ್ತಿದ್ದಳು. ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಅವಳ ಸರದಿ. ಅಷ್ಟು ಹೊತ್ತಿಗೆ ಒಲೆ ಬೂದಿ, ಹಂಡೆಯ ಅಡಿಯಲ್ಲಿ ನಾಲ್ಕು ತಂಬಿಗೆ ನೀರು, ಅದೂ ಆರಿದ್ದು. ಆ ನೀರು ಹೇಗಿತ್ತು ಅಂತ ನಾನು ಒಂದು ದಿನವೂ ಕೇಳಿದವನಲ್ಲ.

ತೀರ್ಥದ ಮೆಟ್ಟಿಲಲ್ಲೂ ಅದೇ ಅಭ್ಯಾಸ. "ನೀನು ಮೊದಲು ಮೀಯು ಮಗ."

"ಇಲ್ಲ, ನೀನು."

ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ, ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮೆಟ್ಟಿಲಲ್ಲಿ ಕೂತು ತಲೆಗೆ ಸುರಿದುಕೊಂಡಳು. ಒಂದು ತಂಬಿಗೆ, ಎರಡು, ಮೂರು. ತುಟಿ ಅಲುಗುತ್ತಿತ್ತು, ಯಾವ ದೇವರ ಹೆಸರೋ ಕೇಳಿಸಲಿಲ್ಲ.

ಐದನೆಯದಕ್ಕೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಇದು ಆರುವುದೇ ಇಲ್ಲ ಮಾರಾಯ," ಅಂದು ಆರನೆಯ ತಂಬಿಗೆ ತುಂಬಿಕೊಂಡಳು.