"ನಾ ಮೊದಲಿಂದ ಇದನ್ನ ಹೇಳಾಕತ್ತೇನಿ"

ಮುಧೋಳದ ಹತ್ತಿರ ನಮ್ಮದು ನಾಲ್ಕು ಎಕರೆ ಕಬ್ಬು. ದುಡಿಯೋದು ಕಾಕಾ. ನಾನು ಬಾಗಲಕೋಟೆಯ ನವನಗರದಲ್ಲಿ ನೌಕರಿ ಮಾಡ್ಕೊಂಡು, ರವಿವಾರ ಊರಿಗೆ ಹೋಗಿ ಅವರಿಗೆ ಬುದ್ಧಿ ಹೇಳಿ ಬರುವವನು.

ಹೋದ ರವಿವಾರ ಕಟ್ಟೆ ಮೇಲೆ ಕೂತು ಕಾಕಾ ಒಬ್ಬ ಹುಡುಗನಿಗೆ ಹೇಳ್ತಿದ್ದರು: "ರವದಿ ಸುಡಬ್ಯಾಡೋ ತಮ್ಮಾ, ನೆಲದಾಗಿನ ಸತ್ವ ಹೋಗತೈತಿ. ನಾ ಮೊದಲಿಂದ ಇದನ್ನ ಹೇಳಾಕತ್ತೇನಿ." ನನಗೆ ಚಹಾ ನೆತ್ತಿಗೇರಿತು. ಯಾಕಂದ್ರೆ ಇದೇ ರವದಿ ಸಲುವಾಗಿ ನಾವಿಬ್ಬರೂ ಒಂದಿಡೀ ಯುಗಾದಿ ಮಾತಾಡದೆ ಕಳೆದಿದ್ದೇವೆ. ಆಗ ಸುಡಲೇಬೇಕು ಅಂತಿದ್ದವರು ಕಾಕಾ!

ನಮ್ಮ ಕಡೆಯವರಲ್ಲದವರಿಗೆ ಹೇಳಿಬಿಡ್ತೀನಿ, ರವದಿ ಅಂದ್ರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ. ಎಕರೆಗೆ ಮೂರ್ನಾಲ್ಕು ಟನ್ ಬೀಳುತ್ತೆ. ಗ್ಯಾಂಗಿನವರು ಕಬ್ಬು ಕಡಿದು ಹೋದ ಸಂಜೆ ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಸಾಫ್. ಮುಂದೆ ಕುಳೆ, ಅಂದ್ರೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಬರುವ ಬೆಳೆ, ಚಿಗುರುತ್ತೆ. ಸುಡದೆ ಸಾಲಿನ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತೆ, ಕಸ ಕಡಿಮೆ, ಕೊಳೆತು ಗೊಬ್ಬರ ಆಗುತ್ತೆ. ಸುಟ್ಟರೆ ಅದರಲ್ಲಿರುವ ಸಾರಜನಕ ಹೆಚ್ಚುಕಡಿಮೆ ಎಲ್ಲಾ ಗಾಳಿಗೆ.

ಇಷ್ಟು ಸರಳ ಮಾತು ಕಾಕಾಗೆ ಯಾಕೆ ಇಳಿಯಲ್ಲ ಅಂತ ನನಗೆ ಸಿಟ್ಟು. ಆದರೆ ಅವರ ನಂಬಿಕೆ ಹುಚ್ಚು ನಂಬಿಕೆ ಆಗಿರಲಿಲ್ಲ. ಅದು ನನಗೆ ಬಹಳ ತಡವಾಗಿ ತಿಳಿಯಿತು. ಸುಟ್ಟ ಹೊಲದಲ್ಲಿ ಬೂದಿಯ ಪೊಟ್ಯಾಷ್ ಕೂಡಲೇ ಸಿಗುತ್ತೆ, ಚಿಗುರು ಒಂದೇ ಸಮ ಕಣ್ಣಿಗೆ ಕಾಣುತ್ತೆ. ಸುಡದ ಹೊಲದಲ್ಲಿ ರವದಿ ಕೊಳೆಯುವಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಹಿಡಿದಿಟ್ಟುಕೊಳ್ಳುತ್ತವೆ. ಮೇಲೆ ಸ್ವಲ್ಪ ಯೂರಿಯಾ ಹಾಕದಿದ್ದರೆ ಮೊದಲ ತಿಂಗಳುಗಳಲ್ಲಿ ಕುಳೆ ಬಿಳಿಚಿಕೊಂಡು ನಿಲ್ಲುತ್ತೆ. ಅಂದ್ರೆ ಕಾಕಾ ಕಣ್ಣಾರೆ ಕಂಡದ್ದನ್ನೇ ನಂಬಿದ್ದರು. ಕಂಡದ್ದು ಮೊದಲ ಎರಡು ತಿಂಗಳದ್ದು, ಅಷ್ಟೇ.

ಇನ್ನೊಂದು ವಿಷಯ ಇತ್ತು. ಸುಟ್ಟ ವರ್ಷ ಕಬ್ಬು ಚೆನ್ನಾಗಿ ಬಂದರೆ "ನೋಡಿದ್ಯಾ, ಸುಟ್ಟಿದ್ದಕ್ಕ ಬಂತು." ಬರದಿದ್ದರೆ "ಈ ಸಲ ಮಳಿ ಸರಿ ಆಗ್ಲಿಲ್ಲ." ಹಾಗಾದರೆ ಯಾವ ವರ್ಷ ಬಂದು ಅವರ ಮಾತು ತಪ್ಪು ಅಂತ ಹೇಳಬೇಕು?

ಇಂಗ್ಲೆಂಡಿನಲ್ಲಿ ಪೀಟರ್ ವೇಸನ್ ಎಂಬ ಮನಃಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಒಂದು ಆಟ ಇದೆ. 2, 4, 6 ಅಂತ ಮೂರು ಅಂಕಿ ಕೊಡ್ತಾರೆ. ಇದರ ಹಿಂದೆ ಒಂದು ನಿಯಮ ಇದೆ, ನೀವೇ ಬೇರೆ ಬೇರೆ ಮೂರು ಅಂಕಿ ಹೇಳಿ, ನಿಯಮಕ್ಕೆ ಸರಿಹೊಂದುತ್ತಾ ಇಲ್ವಾ ಅಂತ ಹೇಳ್ತೀವಿ, ಕಡೆಗೆ ನಿಯಮ ಕಂಡುಹಿಡೀರಿ ಅಂತ. ನಾನು ಇದನ್ನ ನಮ್ಮೂರ ಚಹಾದ ಅಂಗಡಿಯಲ್ಲಿ ಆಡಿಸಿದೆ. ಒಬ್ಬ 8, 10, 12 ಅಂದ. ಹೌದು ಅಂದೆ. ಇನ್ನೊಬ್ಬ 20, 22, 24 ಅಂದ. ಹೌದು. "ಏನ್ರೀ ಇದು, ಎರಡರ ಮಗ್ಗಿ!" ಅಂತ ಎಲ್ಲರೂ ನಕ್ಕರು. ಅಲ್ಲ. ನಿಯಮ ಇಷ್ಟೇ: ಅಂಕಿ ಏರುತ್ತಾ ಹೋಗಬೇಕು. 1, 7, 90 ಅಂದರೂ ಹೌದೇ. ಆದರೆ ಅದನ್ನ ಯಾರೂ ಕೇಳಲೇ ಇಲ್ಲ, ತಮ್ಮ ಊಹೆ ಸುಳ್ಳಾಗಬಹುದಾದ ಅಂಕಿ ಯಾರ ಬಾಯಿಂದಲೂ ಬರಲಿಲ್ಲ. ವೇಸನ್ ಬಳಿ ಆಡಿದ 29 ಜನರಲ್ಲೂ ಮೊದಲ ಸಲಕ್ಕೇ ಸರಿ ಹೇಳಿದವರು 6 ಮಂದಿ, ಅವರು ಕಾಲೇಜಿನವರು. ಕಾಕಾನೂ ಹಾಗೇ, ತಮ್ಮ ಹೊಲದಲ್ಲಿ ಸುಡದೆ ಒಂದು ವರ್ಷ ನೋಡಿಯೇ ಇರಲಿಲ್ಲ.

ಇದೆಲ್ಲ ಓದಿ ನಾನು ದೊಡ್ಡ ಜಾಣ ಆದೆ ಅಂದ್ಕೊಂಡು, ಕಬ್ಬು ಕಡಿಯುವ ದಿನ ಗ್ಯಾಂಗಿನವರೆಲ್ಲ ಊಟಕ್ಕೆ ಕೂತಾಗ ಮೊಬೈಲ್ ತೆಗೆದು ವಿಡಿಯೋ ತೋರಿಸಿ ಕಾಕಾ ಮಾಡೋದು ಹೇಗೆ ತಪ್ಪು ಅಂತ ಭಾಷಣ ಬಿಗಿದೆ. ಕಾಕಾ ಏನೂ ಮಾತಾಡಲಿಲ್ಲ. ಊಟ ಬಿಟ್ಟು ಎದ್ದರು. ಸಂಜೆ ಆಗೋದನ್ನೂ ಕಾಯದೆ, ಮಟಮಟ ಮಧ್ಯಾಹ್ನ ಕಡ್ಡಿ ಗೀರಿದರು.

ಆಗ ನಾನು ಗೆಳೆಯರಿಗೆಲ್ಲ ಹೇಳ್ಕೊಂಡು ತಿರುಗಿದೆ: ಪುರಾವೆ ಕೊಟ್ಟಷ್ಟೂ ಮನುಷ್ಯ ಜಾಸ್ತಿ ಹಟ ಹಿಡಿತಾನೆ, ಇದು ವಿಜ್ಞಾನ. 2010ರಲ್ಲಿ ಬ್ರೆಂಡನ್ ನೈಹನ್, ಜೇಸನ್ ರೈಫ್ಲರ್ ಎಂಬಿಬ್ಬರು ಅಮೆರಿಕದಲ್ಲಿ ಹಾಗೆ ಕಂಡದ್ದೂ ನಿಜ. ಆದರೆ ಆಮೇಲೆ ಥಾಮಸ್ ವುಡ್, ಈಥನ್ ಪೋರ್ಟರ್ ಅನ್ನೋರು 52 ವಿಷಯ ಹಿಡಿದು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರೆ ಆ ಉಲ್ಟಾ ಹೊಡೆತ ಹೆಚ್ಚುಕಡಿಮೆ ಕಾಣಲೇ ಇಲ್ಲ. ಸರಿ ಮಾಹಿತಿ ಕೊಟ್ಟರೆ ಬಹಳ ಜನ ಅಷ್ಟಿಷ್ಟು ತಿದ್ದಿಕೊಳ್ತಾರೆ. ಇದನ್ನ ಓದಿದಾಗ ನನಗೆ ಬೇಜಾರಾಯಿತು, ನಿಜ ಹೇಳ್ತೀನಿ. ಆ ಹಳೇ ಮಾತು ನನಗೆ ಎಷ್ಟು ಅನುಕೂಲ ಆಗಿತ್ತು! ತಪ್ಪೆಲ್ಲ ಕಾಕಾನ ತಲೆಯದ್ದು, ನನ್ನದೇನೂ ಇಲ್ಲ. ಈಗ ನೋಡಿದರೆ, ಅವರು ಸಿಟ್ಟಾದದ್ದು ಸಾರಜನಕದ ಮೇಲಲ್ಲ, ಮೂವತ್ತು ವರ್ಷ ಹೊಲ ಮಾಡಿದ ಮನುಷ್ಯನಿಗೆ ಹನ್ನೆರಡು ಜನರ ಮುಂದೆ ನಾನು ಪಾಠ ಹೇಳಿದ್ದಕ್ಕೆ.

ಮುಂದಿನ ವರ್ಷ ಬಾಜೂ ಹೊಲದವರು ರವದಿ ಸುಡಲಿಲ್ಲ. ಬ್ಯಾಸಗಿಯಲ್ಲಿ ಬೋರ್ ಸಣ್ಣಗಾಯಿತು. ತ್ರೀ ಫೇಸ್ ಕರೆಂಟಿಗೆ ಕಾಕಾ ರಾತ್ರಿಯೆಲ್ಲ ಕಾಯ್ತಿದ್ದರೆ ಅವರು ಒಂದು ನೀರು ತಪ್ಪಿದರೂ ಆರಾಮಾಗಿ ಮಲಗ್ತಿದ್ದರು. ಕಾಕಾ ಯಾರಿಗೂ ಏನೂ ಅನ್ನಲಿಲ್ಲ. ದಿನಾ ಬೆಳಿಗ್ಗೆ ಬದುವಿನ ಮೇಲೆ ಅಡ್ಡಾಡಿ ಬರ್ತಿದ್ದರು, ಒಂದು ಸಲ ಕಾಲಿನಿಂದ ರವದಿ ಸರಿಸಿ ಮಣ್ಣು ಮುಟ್ಟಿ ನೋಡಿದ್ದನ್ನ ಕಾಕಿ ಕಂಡಿದ್ದಾಳೆ. ಆ ಸಲ ನಮ್ಮ ಹೊಲದ ಮೂಲೆಯ ಅರ್ಧ ಎಕರೆ ಸುಡದೆ ಉಳಿಯಿತು. ಯಾಕೆ ಅಂದರೆ, "ಕಡ್ಡಿಪೆಟ್ಟಿಗೆ ತೀರಿತ್ತೋ."

ಅಮೆರಿಕದ ಅಯೋವಾದಲ್ಲಿ 1928ರ ಹೊತ್ತಿಗೆ ಹೈಬ್ರಿಡ್ ಗೋವಿನಜೋಳದ ಬೀಜ ಬಂತು. ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬಿಬ್ಬರು ಅಲ್ಲಿನ 259 ರೈತರನ್ನು ಕೇಳಿ 1943ರಲ್ಲಿ ಬರೆದರು. 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಅದನ್ನೇ ಬಿತ್ತುತ್ತಿದ್ದರು. ಸುದ್ದಿ ಮುಟ್ಟಿಸಿದವರು ಹೆಚ್ಚಾಗಿ ಬೀಜ ಮಾರುವವರು, ಆದರೆ ಮನಸ್ಸು ಒಪ್ಪಿಸಿದವರು ಹೆಚ್ಚಾಗಿ ಪಕ್ಕದ ಹೊಲದವರು. ಎಷ್ಟೋ ಜನ ಮೊದಲು ಸಣ್ಣ ತುಂಡಿನಲ್ಲಿ ಬಿತ್ತಿ ನೋಡಿದ್ದರು. ಥೇಟ್ ನಮ್ಮ ಕಾಕಾ. ನಾನು ಇದರಲ್ಲಿ ಬೀಜ ಮಾರುವವ, ಅದೂ ಒರಟು ಬಾಯಿಯವ.

ಈಗ ನಾಲ್ಕೂ ಎಕರೆಯಲ್ಲಿ ಸುಡಲ್ಲ. ಸರಿ. ಆದರೆ "ಮೊದಲಿಂದ ಹೇಳಾಕತ್ತೇನಿ" ಅನ್ನೋದು? ಸುಳ್ಳು ಹೇಳ್ತಿದ್ದಾರೆ ಅಂತ ನನಗೆ ಅನ್ನಿಸಲ್ಲ. 1973ರಲ್ಲಿ ಜಾರ್ಜ್ ಗೋಥಲ್ಸ್, ರಿಚರ್ಡ್ ರೆಕ್‌ಮನ್ ಅಮೆರಿಕದ ಹೈಸ್ಕೂಲ್ ಮಕ್ಕಳಿಗೆ ಒಂದು ವಿಷಯದ ಬಗ್ಗೆ ಅಭಿಪ್ರಾಯ ಕೇಳಿ ಬರೆದುಕೊಂಡರು. ಆಮೇಲೆ ಚರ್ಚೆಗೆ ಕೂರಿಸಿ, ಚೆನ್ನಾಗಿ ತಯಾರಾದ ಒಬ್ಬನಿಂದ ಅವರ ಮನಸ್ಸು ತಿರುಗಿಸಿದರು. ಮೊದಲು ಏನು ಬರೆದಿದ್ರಿ, ನೆನಪಿಸ್ಕೊಳ್ಳಿ ಅಂದಾಗ ಮಕ್ಕಳು ಈಗಿನ ಅಭಿಪ್ರಾಯಕ್ಕೇ ಹತ್ತಿರದ್ದನ್ನು ಹೇಳಿದರು. ಮೊದಲಿಂದಲೂ ಹೀಗೇ ಇದ್ದೆವು ಅನ್ನೋ ಥರ.

ಕಾಕಾಗೆ ತೋರಿಸೋಣ, ಸುಟ್ಟ ದಿನದ ಫೋಟೋ ಏನಾದರೂ ಇದೆಯಾ ಅಂತ ಹಳೇ ಫೋನು ತೆಗೆದು ಹುಡುಕಿದೆ. ಸಿಕ್ಕಿತು, 2017ರದ್ದು. ಹಿಂದೆ ಹೊಲ ಉರೀತಿದೆ, ಕಾಲೇಜಿನ ಗೆಳೆಯರ ಗ್ರೂಪಿಗೆ ನಾನೇ ಕಳಿಸಿದ್ದು. ಕೆಳಗೆ ಬರೆದಿದ್ದೇನೆ: "ರವದಿ ಸುಟ್ಟ ಮ್ಯಾಲೆ ಹೊಲ ಎಷ್ಟ ಚಂದ ಕಾಣತೈತಿ ನೋಡ್ರಿ." ಕಡ್ಡಿಪೆಟ್ಟಿಗೆ ನನ್ನ ಕೈಯಲ್ಲಿದೆ.

ಆ ಸಂಜೆ ನನಗೆ ಒಂಚೂರೂ ನೆನಪಿಲ್ಲ. ಕಾಕಾಗೆ ಇನ್ನೂ ತೋರಿಸಿಲ್ಲ.